ರತ್ನಗಂಬಳಿಯ ಬೆನ್ನು ನೋಡಿ ಕೊಳ್ಳಿ

ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದಲ್ಲಿ ಇಂಟರ್ನ್‌ಶಿಪ್ ಮಾಡಿದ ಯಾರನ್ನಾದರೂ ಕೇಳಿ ನೋಡಿ, ಮೊದಲ ವಾರ ಕಲಿಯೋ ಪಾಠ ಒಂದೇ. ಮಷಿನ್‌ನಿಂದ ಈಚೆ ಬಂದ ಪೀಸನ್ನ ಮುಂದಿನಿಂದ ನೋಡಿ "ಚೆನ್ನಾಗಿದೆ ಸಾರ್" ಅಂದುಬಿಟ್ಟರೆ ಅದು ಇನ್‌ಸ್ಪೆಕ್ಷನ್ ಆಗಲ್ಲ. ತಿರುಗಿಸಬೇಕು, ಅಂಚು ಸವರಬೇಕು, ಅಳತೆ ಹಿಡೀಬೇಕು. ಹಿಂಬದಿ ನೋಡದೆ ಯಾವ ಸೂಪರ್‌ವೈಸರೂ ಸಹಿ ಹಾಕಲ್ಲ. ಇಷ್ಟೆಲ್ಲ ಕಲಿತ ನಾವೇ ಮನೆಗೆ ಏನಾದರೂ ಕೊಳ್ಳೋವಾಗ ಮಾತ್ರ ಮುಂಭಾಗ ನೋಡಿ ಮರುಳಾಗುತ್ತೇವೆ. ಕಾರ್ಪೆಟ್ ವಿಷಯದಲ್ಲಂತೂ ಇದು ನೂರಕ್ಕೆ ನೂರು ನಿಜ.

ಹೊಸಕೋಟೆಯಿಂದ ವೈಟ್‌ಫೀಲ್ಡ್‌ವರೆಗೆ ಅಪಾರ್ಟ್‌ಮೆಂಟ್‌ಗಳು ಏಳುತ್ತಲೇ ಇವೆ. ನಮ್ಮ ಸೀನಿಯರ್‌ಗಳು ಕೆಲಸಕ್ಕೆ ಸೇರಿ, ಸಾಲ ಮಾಡಿ ಫ್ಲ್ಯಾಟ್ ತಗೊಂಡು, ಗೃಹಪ್ರವೇಶಕ್ಕೆ ಕರೀತಾರೆ. ಹಾಲ್‌ಗೆ ಕಾಲಿಟ್ಟರೆ ಸೋಫಾ, ಟಿವಿ, ಮಧ್ಯದಲ್ಲಿ ಕೆಂಪು-ನೀಲಿ ಹೂಬಳ್ಳಿಯ ಒಂದು ಕಾರ್ಪೆಟ್. "ಪರ್ಷಿಯನ್, ವಿಂಟೇಜ್, ಹ್ಯಾಂಡ್‌ಮೇಡ್" ಅಂತ ಹೆಮ್ಮೆಯಿಂದ ಹೇಳ್ತಾರೆ. ಹೆಮ್ಮೆ ಪಡೋದರಲ್ಲಿ ತಪ್ಪಿಲ್ಲ. ದುಡಿದ ದುಡ್ಡು, ಅವರ ಮನೆ. ಆದರೆ ಆ ಮೂರು ಪದಗಳಲ್ಲಿ ಎಷ್ಟು ನಿಜ ಅಂತ ಕೇಳಿದರೆ ಉತ್ತರ ಇರಲ್ಲ. ಯಾಕಂದ್ರೆ ಯಾರೂ ಅದನ್ನ ತಿರುಗಿಸಿ ನೋಡಿರಲ್ಲ.

ನಮ್ಮ ಬಳಗದ ಅಭಿಪ್ರಾಯ ಇಷ್ಟು. ಹಳೆಯ ಪರ್ಷಿಯನ್ ಉಣ್ಣೆ ಕಾರ್ಪೆಟ್ ಕೊಳ್ಳುವ ಶಕ್ತಿ ಇದ್ದರೆ ಧಾರಾಳವಾಗಿ ಕೊಳ್ಳಿ. ಆದರೆ ಹೆಸರಿಗೆ ದುಡ್ಡು ಕೊಡಬೇಡಿ, ಕೆಲಸಕ್ಕೆ ಕೊಡಿ. ಕೆಲಸ ಕಾಣೋದು ಬೆನ್ನಲ್ಲಿ. ಹಾಗೆ ನೋಡೋದನ್ನ ಕಲಿತ ಮೇಲೆ ಅದೇ ಕಣ್ಣಿನಲ್ಲಿ ನಮ್ಮ ಕಂಬಳಿಯನ್ನೂ ಒಮ್ಮೆ ನೋಡಿ.

ಬೆನ್ನು ಏನು ಹೇಳುತ್ತೆ?

ಕೈಯಲ್ಲಿ ಮಾಡಿದ ಕಾರ್ಪೆಟ್ ಅಂದರೆ ಏನು ಅಂತ ಮೊದಲು ತಿಳ್ಕೊಳ್ಳೋಣ. ಮಗ್ಗದ ಮೇಲೆ ಹಾಸಿನ ನೂಲು ಬಿಗಿದು ಕಟ್ಟಿರುತ್ತಾರೆ. ನೇಯುವವರು ಎರಡೆರಡು ಹಾಸಿನ ಎಳೆಗೆ ಒಂದು ತುಂಡು ಉಣ್ಣೆ ದಾರ ಸುತ್ತಿ, ಗಂಟು ಹಾಕಿ, ಕತ್ತರಿಸುತ್ತಾರೆ. ಒಂದು ಸಾಲು ಗಂಟು ಮುಗಿದ ಮೇಲೆ ಹೊಕ್ಕಿನ ದಾರ ತೂರಿಸಿ, ಕಬ್ಬಿಣದ ಹಣಿಗೆಯಲ್ಲಿ ಬಡಿದು ಕೂರಿಸುತ್ತಾರೆ. ಮತ್ತೆ ಮುಂದಿನ ಸಾಲು. ಹೀಗೆ ಲಕ್ಷಾಂತರ ಗಂಟು.

ಗಂಟಿನಲ್ಲಿ ಮುಖ್ಯವಾಗಿ ಎರಡು ಬಗೆ. ದಾರ ಎರಡೂ ಎಳೆಯನ್ನು ಪೂರ್ತಿ ಸುತ್ತಿದರೆ ಟರ್ಕಿ ಗಂಟು. ಒಂದನ್ನು ಪೂರ್ತಿ ಸುತ್ತಿ ಇನ್ನೊಂದರ ಹಿಂದೆ ಹಾದು ಬಂದರೆ ಪರ್ಷಿಯನ್ ಗಂಟು. ಇದನ್ನ ಇರಾನಿನ ಸೆನ್ನೆ ಪಟ್ಟಣದ ಹೆಸರಿನಿಂದ 'ಸೆನ್ನೆ ಗಂಟು' ಅಂತಲೂ ಕರೀತಾರೆ. ತಮಾಷೆ ಅಂದ್ರೆ ಸೆನ್ನೆಯ ನೇಕಾರರು ಹಾಕೋದು ಟರ್ಕಿ ಗಂಟು! ತಬ್ರೀಜ್‌ನಲ್ಲೂ ಅದೇ. ಹಾಗಾಗಿ "ಪರ್ಷಿಯನ್ ಗಂಟಿದೆ, ಆದ್ದರಿಂದ ಇರಾನಿನದು" ಅಂತ ಅಂಗಡಿಯವರು ಹೇಳಿದರೆ ತಲೆಯಾಡಿಸಬೇಡಿ.

ಈಗ ಕಾರ್ಪೆಟ್ ತಿರುಗಿಸಿ. ಮುಂದಿರುವ ಹೂವು ಹಿಂದೆಯೂ ಅಷ್ಟೇ ಸ್ಪಷ್ಟವಾಗಿ ಕಾಣಬೇಕು. ಒಂದೊಂದು ಗಂಟೂ ಒಂದೊಂದು ಚುಕ್ಕಿ ಥರ ಎಣಿಸೋಕೆ ಸಿಗಬೇಕು. ಸಾಲುಗಳು ಅಲ್ಲಲ್ಲಿ ಸ್ವಲ್ಪ ಸೊಟ್ಟ ಇರುತ್ತವೆ, ಒಂದು ಗಂಟು ದಪ್ಪ, ಒಂದು ಸಣ್ಣ. ಕೈ ಅಂದ್ರೆ ಹಾಗೇನೇ. ಗ್ರಾಫ್ ಹಾಳೆಯ ಥರ ಎಲ್ಲವೂ ಒಂದೇ ಸಮ ಇದ್ದರೆ ಅದು ಪವರ್‌ಲೂಮ್.

ಅಂಚಿನ ಕುಚ್ಚು ನೋಡಿ. ಕೈಮಗ್ಗದ ಕಾರ್ಪೆಟ್‌ನಲ್ಲಿ ಕುಚ್ಚು ಅನ್ನೋದು ಅಲಂಕಾರ ಅಲ್ಲ, ಹಾಸಿನ ನೂಲಿನದೇ ತುದಿ. ಬೇರೆ ಕಡೆಯಿಂದ ತಂದು ಹೊಲಿದಿದ್ದರೆ ಕಾರಣ ಕೇಳಿ. ರಿಪೇರಿಗೆ ಹೊಲಿದಿರಬಹುದು, ಆದರೆ ಬಹಳ ಸಲ ಅದು ಮಷಿನ್ನಿನ ಗುರುತು.

ಬೆನ್ನಿಗೆ ದಪ್ಪ ಬಟ್ಟೆ ಅಂಟಿಸಿದ್ದಾರಾ? ಹಾಗಾದ್ರೆ ಅದು 'ಹ್ಯಾಂಡ್-ಟಫ್ಟೆಡ್' ಆಗಿರೋ ಸಾಧ್ಯತೆಯೇ ಹೆಚ್ಚು. ಬಟ್ಟೆಯ ಮೇಲೆ ಡ್ರಿಲ್ ಮಷಿನ್ ಥರದ ಗನ್ ಹಿಡಿದು ಉಣ್ಣೆ ಚುಚ್ಚುತ್ತಾ ಹೋಗಿ, ಹಿಂದಿನಿಂದ ಲ್ಯಾಟೆಕ್ಸ್ ಅಂಟು ಬಳಿದು, ಅದು ಕಾಣದ ಹಾಗೆ ಬಟ್ಟೆ ಮುಚ್ಚುತ್ತಾರೆ. ಗನ್ ಹಿಡಿದದ್ದು ಕೈ ತಾನೇ, ಅದಕ್ಕೆ 'ಹ್ಯಾಂಡ್' ಅನ್ನೋ ಪದ! ಅದರಲ್ಲಿ ಒಂದು ಗಂಟೂ ಇಲ್ಲ. ವರ್ಷ ಕಳೆದಂತೆ ಅಂಟು ಒಣಗಿ ಪುಡಿಪುಡಿಯಾಗಿ ನೆಲಕ್ಕೆ ಉದುರುತ್ತೆ.

ಕೊನೆಗೆ ಎಳೆ ಪರೀಕ್ಷೆ. ಅಂಗಡಿಯವರ ಒಪ್ಪಿಗೆ ಕೇಳಿ ಒಂದು ಸಣ್ಣ ಎಳೆ ಕಿತ್ತು, ಅಂಗಡಿಯಿಂದ ಹೊರಗೆ ಬಂದು ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಪಾಲಿಪ್ರೊಪಿಲೀನ್ ಆದರೆ ಕರಗಿ ಮಣಿಯಂತೆ ಗಟ್ಟಿಯಾಗುತ್ತೆ. ಮೊದಲ ಸೆಮಿಸ್ಟರ್ ಕೆಮಿಸ್ಟ್ರಿ ಲ್ಯಾಬ್‌ಗಿಂತ ಸುಲಭ.

ಲೆಕ್ಕ ಹಾಕಿ, ಸುಳ್ಳು ತಾನಾಗೇ ಹೊರಬೀಳುತ್ತೆ

ಇಂಜಿನಿಯರಿಂಗ್ ಓದೋರಿಗೆ ಇದಕ್ಕಿಂತ ಒಳ್ಳೆ ಪರೀಕ್ಷೆ ಒಂದಿದೆ, ಗುಣಾಕಾರ. ಬೆನ್ನ ಮೇಲೆ ಸ್ಕೇಲ್ ಇಟ್ಟು ಒಂದು ಇಂಚು ಅಗಲಕ್ಕೆ, ಒಂದು ಇಂಚು ಉದ್ದಕ್ಕೆ ಎಷ್ಟು ಗಂಟು ಅಂತ ಎಣಿಸಿ ಗುಣಿಸಿ. ಹತ್ತು ಹತ್ತಲಿ ನೂರು ಬಂದರೆ ಅದು ಸಾಧಾರಣ ಮಟ್ಟದ ನೇಯ್ಗೆ, ತೀರಾ ನಯವಾದದ್ದೇನಲ್ಲ.

6 ಅಡಿಗೆ 9 ಅಡಿ ಕಾರ್ಪೆಟ್ ಅಂದರೆ 72 ಇಂಚಿಗೆ 108 ಇಂಚು. ಒಟ್ಟು 7,776 ಚದರ ಇಂಚು. ಪ್ರತಿ ಚದರ ಇಂಚಿಗೆ 100 ಗಂಟಾದರೆ 7,77,600 ಗಂಟು. ಪಳಗಿದ ಕೈ ದಿನಕ್ಕೆ 8,000 ಗಂಟು ಹಾಕುತ್ತೆ ಅಂತಿಟ್ಟುಕೊಳ್ಳಿ. ಆಗಲೂ ಒಬ್ಬರಿಗೆ 97 ದಿನದ ಕೆಲಸ. ದಿನಗೂಲಿ 500 ರೂಪಾಯಿ ಅಂದುಕೊಂಡರೂ ಕೂಲಿಯೇ 48,600 ರೂಪಾಯಿ. ಇನ್ನು ಉಣ್ಣೆ, ಬಣ್ಣ, ತೊಳೆಯೋದು, ಸಾಗಣೆ, ಅಂಗಡಿ ಬಾಡಿಗೆ, ಲಾಭ ಎಲ್ಲ ಬೇರೆ.

ಅದೇ ಅಳತೆಯದನ್ನ ಯಾರಾದರೂ "ಒರಿಜಿನಲ್ ಹ್ಯಾಂಡ್‌ಮೇಡ್ ಪರ್ಷಿಯನ್, ಆಫರ್‌ನಲ್ಲಿ ಎಂಟು ಸಾವಿರ" ಅಂದರೆ ಏನರ್ಥ? ಒಂದೋ ಅದು ಕೈಯಲ್ಲಿ ಮಾಡಿದ್ದಲ್ಲ, ಇಲ್ಲವೋ ಮಾಡಿದ ಕೈಗೆ ದುಡ್ಡು ಮುಟ್ಟಿಲ್ಲ. ಮೊದಲನೆಯದಾದರೆ ನಮಗೆ ಮೋಸ, ಎರಡನೆಯದಾದರೆ ನಮ್ಮಿಂದಲೇ ಮೋಸ.

ಎರಡನೆಯದು ಬರೀ ಊಹೆಯ ಮಾತಲ್ಲ. ಉತ್ತರ ಪ್ರದೇಶದ ಭದೋಹಿ, ಮಿರ್ಜಾಪುರದ ಕಾರ್ಪೆಟ್ ಮಗ್ಗಗಳಲ್ಲಿ ಮಕ್ಕಳನ್ನು ದುಡಿಸುತ್ತಿದ್ದದ್ದು ಲೋಕಕ್ಕೇ ಗೊತ್ತಾದ ಸಂಗತಿ. ಕೈಲಾಶ್ ಸತ್ಯಾರ್ಥಿಯವರ ಹೋರಾಟದಿಂದ 1994ರಲ್ಲಿ 'ರಗ್‌ಮಾರ್ಕ್' ಅನ್ನುವ ಗುರುತು ಬಂತು. ಬಾಲಕಾರ್ಮಿಕರಿಲ್ಲದೆ ಮಾಡಿದ ಕಾರ್ಪೆಟ್‌ಗೆ ಅಂಟಿಸುವ ಚೀಟಿ ಅದು, ಈಗ 'ಗುಡ್‌ವೀವ್' ಅಂತ ಕರೀತಾರೆ. ಹೊಸ ಕಾರ್ಪೆಟ್ ಕೊಳ್ಳೋವಾಗ ಈ ಚೀಟಿ ಕೇಳೋದು ಗಿರಾಕಿಯ ಹಕ್ಕು.

ಹಳೆಯದೆಲ್ಲ ಒಳ್ಳೆಯದಲ್ಲ

'ವಿಂಟೇಜ್' ಅನ್ನೋ ಪದಕ್ಕೂ ಒಂದು ತೂಕ ಇದೆ. ವ್ಯಾಪಾರದ ರೂಢಿಯಲ್ಲಿ ನೂರು ವರ್ಷ ದಾಟಿದ್ದು ಆಂಟಿಕ್. ಅದಕ್ಕಿಂತ ಎಳೆಯದು, ಆದರೆ ಕೆಲವು ದಶಕ ಬಾಳಿದ್ದು ವಿಂಟೇಜ್. ಈಗ ಹೊಸ ಕಾರ್ಪೆಟ್ಟನ್ನೇ ರಾಸಾಯನಿಕದಲ್ಲಿ ತೊಳೆದು, ಉಣ್ಣೆ ಕೆರೆದು, ಬಣ್ಣ ಮಾಸಿಸಿ 'ವಿಂಟೇಜ್ ಲುಕ್' ಅಂತ ಮಾರುತ್ತಾರೆ. ಹರಿದ ಜೀನ್ಸ್ ಕಥೆಯೇ ಇದು.

ಉಣ್ಣೆಯ ಎಳೆಗಳನ್ನು ಬೆರಳಿಂದ ಬಿಡಿಸಿ ಬುಡ ನೋಡಿ. ನಿಜವಾಗಿ ವಯಸ್ಸಾದ ಕಾರ್ಪೆಟ್‌ನಲ್ಲಿ ತುದಿಯಿಂದ ಬುಡಕ್ಕೆ ಬಣ್ಣ ನಿಧಾನವಾಗಿ ಗಾಢವಾಗುತ್ತೆ. ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ, ಬಣ್ಣ ಅಂಟಿದರೆ ಬಿಟ್ಟುಬಿಡಿ. ಒಂದೇ ನೀಲಿ ಒಂದು ಕಡೆ ತಿಳಿ, ಇನ್ನೊಂದು ಕಡೆ ದಟ್ಟ ಪಟ್ಟೆಯಾಗಿ ಕಂಡರೆ ಗಾಬರಿ ಬೇಡ. ಬೇರೆ ಬೇರೆ ದಿನ ಬಣ್ಣದ ಹಂಡೆಗೆ ಹಾಕಿದ ನೂಲು ಅದು. ಅದಕ್ಕೆ ಇರಾನಿನಲ್ಲಿ 'ಅಬ್ರಾಶ್' ಅಂತಾರೆ, ದೋಷ ಅಂತ ಎಣಿಸಲ್ಲ. ಹಳೆಯ ಬಣ್ಣಗಳು ಎಲ್ಲಿಂದ ಬಂದವು ಗೊತ್ತಾ? ಕೆಂಪಿಗೆ ಮಂಜಿಷ್ಠದ ಜಾತಿಯ ಬೇರು, ನೀಲಿಗೆ ನೀಲಿಗಿಡ, ಹಳದಿಗೆ ದಾಳಿಂಬೆ ಸಿಪ್ಪೆ, ಕಂದುಬಣ್ಣಕ್ಕೆ ಅಕ್ರೋಟಿನ ಸಿಪ್ಪೆ. 1856ರಲ್ಲಿ ಪರ್ಕಿನ್ ಮೊದಲ ಕೃತಕ ಬಣ್ಣ ಕಂಡುಹಿಡಿದ ಮೇಲೆ ಈ ಲೋಕಕ್ಕೂ ರಾಸಾಯನಿಕ ಬಣ್ಣ ಬಂತು. ಶುರುವಿನ ಕೃತಕ ಬಣ್ಣಗಳು ಬೇಗ ಮಾಸಿದವು. ಹಾಗಾಗಿ ಹಳೆಯದು ಅಂದಮಾತ್ರಕ್ಕೆ ಬಣ್ಣ ಒಳ್ಳೆಯದು ಅನ್ನೋಕಾಗಲ್ಲ.

ಇನ್ನೂ ಎರಡು ಪರೀಕ್ಷೆ. ಒಂದು ಮೂಲೆ ಮೆಲ್ಲಗೆ ಮಡಚಿ. ಚಟಚಟ ಸದ್ದು ಬಂದರೆ ಒಳಗಿನ ನೂಲು ತೇವದಲ್ಲಿ ಕೊಳೆತು ಒಣಗಿದೆ, ಆ ಕಾರ್ಪೆಟ್‌ನ ಆಯಸ್ಸು ಮುಗೀತು. ಸೋಫಾ ಕೆಳಗೆ ಇದ್ದಿರಬಹುದಾದ ಕತ್ತಲ ಭಾಗ, ಅಂಚುಗಳು, ಇಲ್ಲೆಲ್ಲ ನುಸಿ ತಿಂದ ಬೋಳು ಕಲೆ ಇದೆಯಾ ನೋಡಿ. ಒಂದೆರಡು ಕಡೆ ರಿಪೇರಿ ಇದ್ದರೆ ಅವಮಾನ ಏನಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಜಗತ್ಪ್ರಸಿದ್ಧ ಅರ್ದಬಿಲ್ ಕಾರ್ಪೆಟ್ ಕೂಡ ತೇಪೆ ಹಾಕಿದ್ದೇ. ಅದರ ಜೋಡಿ ಕಾರ್ಪೆಟ್‌ನ ತುಂಡುಗಳನ್ನ ಕತ್ತರಿಸಿ ಇದನ್ನ ಸರಿಮಾಡಿದರು. 1893ರಲ್ಲಿ ವಿಲಿಯಂ ಮೋರಿಸ್ ಶಿಫಾರಸಿನ ಮೇಲೆ 2,000 ಪೌಂಡ್ ಕೊಟ್ಟು ಮ್ಯೂಸಿಯಂ ಅದನ್ನ ಕೊಂಡಿತು.

ಆ ಕಾರ್ಪೆಟ್‌ನ ಒಂದು ತುದಿಯಲ್ಲಿ ಹಿಜರಿ 946, ಅಂದರೆ 1539-40ರ ಇಸವಿಯೂ ಕಾಶಾನಿನ ಮಕ್ಸೂದ್ ಅನ್ನೋ ಹೆಸರೂ ನೇಯ್ಗೆಯಲ್ಲೇ ಇದೆ. ಆದರೆ ಕೋಟಿಗಟ್ಟಲೆ ಗಂಟು ಹಾಕಿದವರ ಹೆಸರು ಅದರಲ್ಲೂ ಇಲ್ಲ. ಬೇಡಿಕೆ ಪಡೆದು ಮಾಡಿಸಿದವನ ಹೆಸರು ಉಳಿಯುತ್ತೆ, ಬೆರಳು ಸವೆಸಿದವರದು ಉಳಿಯಲ್ಲ. ಇದು ಪರ್ಷಿಯಾದ ಕಥೆ ಮಾತ್ರ ಅಂದುಕೊಂಡರೆ, ನಮ್ಮ ಊರಿನ ಕಥೆಯೂ ಒಂದಿದೆ.

ಫ್ರೀಡಂ ಪಾರ್ಕ್‌ನ ಪರ್ಷಿಯನ್ ಕಾರ್ಪೆಟ್

ಧರಣಿ, ಪ್ರತಿಭಟನೆ ಅಂದರೆ ನಮಗೆಲ್ಲ ನೆನಪಾಗೋದು ಬೆಂಗಳೂರಿನ ಫ್ರೀಡಂ ಪಾರ್ಕ್. ಅದು ಮೊದಲು ಸೆಂಟ್ರಲ್ ಜೈಲಾಗಿತ್ತು ಅನ್ನೋದೂ ಬಹಳ ಜನಕ್ಕೆ ಗೊತ್ತು. ಅಲ್ಲಿ ಕೈದಿಗಳು ಪರ್ಷಿಯನ್, ಟರ್ಕಿ ಮಾದರಿಯ ಗಂಟಿನ ಕಾರ್ಪೆಟ್ ನೇಯ್ತಾ ಇದ್ದರು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನಲ್ಲಿ ಇದರ ದಾಖಲೆ ಇದೆ. ಇಡೀ ಇಂಡಿಯಾದಲ್ಲೇ ಇದಕ್ಕಿಂತ ಉತ್ತಮವಾದವು ಇರಲಾರವು ಅನ್ನೋ ಅರ್ಥದ ಮೆಚ್ಚುಗೆಯನ್ನೇ ರೈಸ್ ಬರೆದಿದ್ದಾರೆ. ಬ್ರಿಟಿಷರ ಕಾಲದಲ್ಲಿ ಜೈಲಿನ ಕಾರ್ಪೆಟ್ ದೊಡ್ಡ ವ್ಯವಹಾರ. ವಿಂಡ್ಸರ್ ಅರಮನೆಯ ವಾಟರ್ಲೂ ಚೇಂಬರ್‌ಗೆ ವಿಕ್ಟೋರಿಯಾ ರಾಣಿಗಾಗಿ ಭಾರಿ ಕಾರ್ಪೆಟ್ ನೇಯ್ದವರು ಆಗ್ರಾ ಜೈಲಿನ ಕೈದಿಗಳು.

ಇವತ್ತು ಯಾವುದೋ ಹರಾಜಿನಲ್ಲಿ 'ಹಳೆಯ ಪರ್ಷಿಯನ್ ಮಾದರಿ' ಅಂತ ಬೆಂಗಳೂರು ಜೈಲಿನ ಕಾರ್ಪೆಟ್ ಒಂದು ಬಂದರೆ ಅದನ್ನ ಏನಂತ ಕರೆಯೋಣ? ವಿನ್ಯಾಸ ಇರಾನಿನದು, ಕೈ ನಮ್ಮವರದು, ಹೆಸರು ಯಾರದೂ ಇಲ್ಲ. 'ಪರ್ಷಿಯನ್' ಅನ್ನೋ ಒಂದು ಪದ ಇಷ್ಟನ್ನೆಲ್ಲ ಮುಚ್ಚಿಬಿಡುತ್ತೆ. ಕಾಶ್ಮೀರದಲ್ಲೂ ಪರ್ಷಿಯನ್ ವಿನ್ಯಾಸಗಳನ್ನೇ ಶತಮಾನಗಳಿಂದ ನೇಯುತ್ತಾರೆ. 'ತಾಲೀಮ್' ಅನ್ನುವ ಸಂಕೇತ ಲಿಪಿಯಲ್ಲಿ ಯಾವ ಬಣ್ಣದ ಗಂಟು ಎಷ್ಟು ಅಂತ ಬರೆದಿಟ್ಟಿರುತ್ತಾರೆ, ಅದನ್ನ ಓದಿಕೊಂಡು ನೇಯುತ್ತಾರೆ. ನಮ್ಮ ಕಂಪ್ಯೂಟರ್ ಸೈನ್ಸ್ ಗೆಳೆಯರು ಅದನ್ನ ನೋಡಿದರೆ ಪ್ರೋಗ್ರಾಂ ಅಂತಲೇ ಅಂತಾರೆ. ಆ ಕಾರ್ಪೆಟ್ ಕಾಶ್ಮೀರದ್ದು ಅಂತಲೇ ಹೇಳಿ ಮಾರಿದರೆ ಅದಕ್ಕೇನು ಕಮ್ಮಿ?

ಅದೇ ಗೆಜೆಟಿಯರ್ ಇನ್ನೊಂದು ಮಾತು ಹೇಳುತ್ತೆ. ಬೆಂಗಳೂರಿನ ಸ್ವಂತ ಕಾರ್ಪೆಟ್‌ಗಳು ಬಾಳಿಕೆಗೆ ಹೆಸರಾಗಿದ್ದವಂತೆ, ಅವುಗಳ ವಿಶೇಷ ಅಂದರೆ ಎರಡೂ ಕಡೆ ಒಂದೇ ವಿನ್ಯಾಸ. ಮುಚ್ಚಿಡೋಕೆ ಬೆನ್ನೇ ಇಲ್ಲದ ಹಾಸು! ಉತ್ತರ ಕರ್ನಾಟಕದ ನವಲಗುಂದ ಜಮಖಾನವೂ ನೆಲದ ಹಾಸೇ. ಹತ್ತಿಯದು, ನವಿಲು, ಪಗಡೆ ಹಾಸಿನ ಚಿತ್ತಾರದ್ದು, ಹೆಣ್ಣುಮಕ್ಕಳು ಕೈಯಲ್ಲಿ ನೇಯುವಂಥದ್ದು. ಅದಕ್ಕೆ ಜಿಐ ಟ್ಯಾಗ್ ಕೂಡ ಇದೆ. ನಮ್ಮ ಎಷ್ಟು ಮನೆಗಳಲ್ಲಿ ಇದೆ ಹೇಳಿ?

ರತ್ನ ಬಿಟ್ಟರೆ ಉಳಿಯೋದು ಕಂಬಳಿ

ಕಾರ್ಪೆಟ್‌ಗೆ ಕನ್ನಡದಲ್ಲಿ ಚೆಂದದ ಪದ ಇದೆ, ರತ್ನಗಂಬಳಿ. ಹೊರಗಿನಿಂದ ಬಂದ ಆ ಬೆಲೆಬಾಳುವ ಹಾಸನ್ನ ನೋಡಿದಾಗ ಕನ್ನಡಿಗರಿಗೆ ಹೋಲಿಸೋಕೆ ಸಿಕ್ಕಿದ್ದು ಕಂಬಳಿ. ರತ್ನ ಬಿಟ್ಟು ನೋಡಿದರೆ ಎರಡೂ ಒಂದೇ ಬಳಗ, ಎರಡೂ ಕುರಿಯ ಉಣ್ಣೆ.

ಇರಾನಿನ ಫಾರ್ಸ್ ಪ್ರಾಂತ್ಯದ ಅಲೆಮಾರಿ ಕುರಿಗಾಹಿಗಳ ಕಾರ್ಪೆಟ್ ಕಲೆಯನ್ನ 2010ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿತು. ಅಲ್ಲಿ ಗಂಡಸರು ಉಣ್ಣೆ ಕತ್ತರಿಸಿ ಮಗ್ಗ ಹೂಡುತ್ತಾರೆ, ಹೆಂಗಸರು ನೂತು, ಬಣ್ಣ ಹಾಕಿ, ನೇಯುತ್ತಾರೆ. ಚಿತ್ರ ನೋಡದೆ ಮನಸ್ಸಿನಲ್ಲಿರೋದನ್ನೇ ಗಂಟು ಹಾಕ್ತಾರೆ. ನಮ್ಮ ಚಳ್ಳಕೆರೆ ಕಡೆಯ ಕಥೆ ಇದಕ್ಕೆ ಎಷ್ಟು ಹತ್ತಿರ ನೋಡಿ. ಕುರುಬರು ಡೆಕ್ಕನಿ ಕುರಿಯ ಕರಿ ಉಣ್ಣೆ ಕತ್ತರಿಸುತ್ತಾರೆ. ಹಿಂಜಿ ಹಸನು ಮಾಡಿ, ಮನೆಯ ಹೆಂಗಸರು ನೂಲ್ತಾರೆ. ಹಾಸಿಗೆ ಹುಣಸೆ ಬೀಜದ ಗಂಜಿ ಬಳಿದು ಬಿಸಿಲಿಗೆ ಒಣಗಿಸುತ್ತಾರೆ. ಆಮೇಲೆ ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುತ್ತಾರೆ. ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಹಾಲುಮತದ ಮನೆಗಳಲ್ಲಿ ದೇವರ ಗದ್ದುಗೆಯೂ ಅದೇ. ಬಣ್ಣ ಹಾಕಬೇಕಿಲ್ಲ, ಕುರಿಯ ಬಣ್ಣವೇ ಅದರ ಬಣ್ಣ.

ಅದರ ಮುಂದೆ ನಿಂತಾಗ ನಾವೇನು ಮಾಡ್ತೀವಿ? ಚೌಕಾಸಿ. ಮಾಲ್‌ನಲ್ಲಿ ಪ್ಲಾಸ್ಟಿಕ್ಕಿನ 'ಪರ್ಷಿಯನ್'ಗೆ ಬರೆದಷ್ಟು ಕೊಟ್ಟು ಬರೋರು, ಜಾತ್ರೆಯಲ್ಲಿ ಕಂಬಳಿ ಮಾರೋ ಅಜ್ಜನ ಹತ್ತಿರ "ಇನ್ನೂರು ಕಮ್ಮಿ ಮಾಡ್ಕೊಡಿ ತಾತ, ಚುಚ್ಚುತ್ತೆ ಇದು" ಅಂತೀವಿ. ಚುಚ್ಚುತ್ತೆ, ನಿಜ. ಹೊದೆಯೋಕೆ ಬೇಡದಿದ್ದರೆ ನೆಲಕ್ಕೆ ಹಾಸಬಹುದಲ್ವಾ? ಕಾಲಿಗೆ ಗಟ್ಟಿ ಉಣ್ಣೆಯೇ ಬೇಕು, ಮೆತ್ತನೆಯ ಉಣ್ಣೆ ಸವೆದುಹೋಗುತ್ತೆ.

ಹೊಸಕೋಟೆ ಬಿರಿಯಾನಿಗೆ ಬೆಳಗಿನ ಜಾವವೇ ಎದ್ದು ಬಂದು ಕ್ಯೂ ನಿಲ್ಲೋ ಜನ ನಾವು. ಮಟನ್ನಿಗೆ ಬೆಲೆ ಇದೆ, ಉಣ್ಣೆಗೆ ಇಲ್ಲ. ಉಣ್ಣೆ ಕತ್ತರಿಸಿದ ಕೂಲಿಯೂ ಹುಟ್ಟದಿದ್ದರೆ ಕುರಿಗಾಹಿ ಏನು ಮಾಡ್ತಾನೆ? ಉಣ್ಣೆ ಬರದ, ಮಾಂಸಕ್ಕೆ ಹೆಚ್ಚು ತೂಗೋ ತಳಿ ಸಾಕ್ತಾನೆ. ಅವನ ಲೆಕ್ಕ ಸರಿಯಾಗೇ ಇದೆ. ಆದರೆ ಹಾಗೆ ಒಂದು ತಳಿ ಹೋದರೆ ಅದರ ಹಿಂದೆ ನೂಲುವ ಕೈ, ಗಂಜಿ ಬಳಿಯೋ ಕೈ, ಮಗ್ಗ ಎಲ್ಲ ಹೋಗುತ್ತೆ. ಮುಂದೊಂದು ದಿನ ಯಾರೋ 'ವಿಂಟೇಜ್ ಕಂಬಳಿ' ಅಂತ ಹರಾಜಿಗಿಟ್ಟಾಗ ನಾವು ಲಕ್ಷ ಕೊಡೋಕೆ ತಯಾರಿರ್ತೀವಿ, ನೇಯೋರು ಮಾತ್ರ ಇರಲ್ಲ.

ಹಾಗಾದ್ರೆ ಮಷಿನ್ ಬೇಡ್ವಾ?

ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೂತು ಮಷಿನ್ ವಿರುದ್ಧ ಬರೀತೀರಾ ಅಂತ ಯಾರಾದರೂ ಕೇಳೇ ಕೇಳ್ತಾರೆ. ಮಷಿನ್ ವಿರುದ್ಧ ನಮಗೇನೂ ಇಲ್ಲ. ಚಿಕ್ಕ ಮಕ್ಕಳಿರೋ ಮನೆ, ಸಾರು ಚೆಲ್ಲುತ್ತೆ, ನಾಯಿ ಇದೆ, ಬಜೆಟ್ ಕಮ್ಮಿ ಅಂದರೆ ಪವರ್‌ಲೂಮ್ ಕಾರ್ಪೆಟ್ ಒಳ್ಳೆ ಆಯ್ಕೆ. ಹಾಸಿಗೆ ಇದ್ದಷ್ಟೇ ಕಾಲು ಚಾಚೋಣ. ಅದನ್ನ ಮಷಿನ್ನಿನದು ಅಂತ ಹೇಳಿ, ಮಷಿನ್ನಿನ ಬೆಲೆಗೆ ಮಾರಲಿ, ಅಷ್ಟೇ. ಒಂದು ಬಿಡಿಭಾಗಕ್ಕೆ ಸುಳ್ಳು ಟೆಸ್ಟ್ ರಿಪೋರ್ಟ್ ಅಂಟಿಸಿ ಕಳಿಸಿದರೆ ಪಿಲ್ಲಗುಂಪೆಯ ಯಾವ ಫ್ಯಾಕ್ಟರಿಯೂ ಒಪ್ಪಲ್ಲ. ಮನೆಯ ಹಾಸಿಗೆ ಯಾಕೆ ಒಪ್ಪಬೇಕು?

ನಮ್ಮದೊಂದು ಸಲಹೆಯೂ ಇದೆ, ಇದನ್ನ ಮೊದಲು ನಮ್ಮ ಕನ್ನಡ ಸಂಘಕ್ಕೇ ಹೇಳ್ತಿದ್ದೀವಿ. ಪ್ರತಿ ರಾಜ್ಯೋತ್ಸವಕ್ಕೂ ಅತಿಥಿಗಳಿಗೆ ಸಿಂಥೆಟಿಕ್ ಶಾಲು ಹೊದಿಸಿ ಫೋಟೋ ತೆಗೆಸಿಕೊಳ್ತೀವಿ. ಆ ಶಾಲು ಕಾರಿನ ಹಿಂದಿನ ಸೀಟು ಸೇರುತ್ತೆ. ಈ ನವೆಂಬರ್‌ನಿಂದ ಕಂಬಳಿ ಕೊಡೋಣ. ನೇಯ್ದವರಿಂದಲೇ ನೇರವಾಗಿ, ಚೌಕಾಸಿ ಇಲ್ಲದೆ ಕೊಳ್ಳೋಣ. ನಿರೂಪಕರು ಅತಿಥಿಯ ಪದವಿಗಳನ್ನೆಲ್ಲ ಓದಿದ ಮೇಲೆ ಇನ್ನೂ ಒಂದು ಸಾಲು ಓದಲಿ, ಈ ಕಂಬಳಿಯ ನೂಲು ನೂತವರು ಯಾರು, ನೇಯ್ದವರು ಯಾರು, ಯಾವ ಊರಿನವರು ಅಂತ. ಅರ್ದಬಿಲ್ ಕಾರ್ಪೆಟ್‌ನಲ್ಲೂ ಜೈಲಿನ ಕಾರ್ಪೆಟ್‌ನಲ್ಲೂ ಸಿಗದ ಆ ಹೆಸರು ನಮ್ಮ ವೇದಿಕೆ ಮೇಲಾದರೂ ಕೇಳಲಿ. ಖರ್ಚು ಶಾಲಿಗಿಂತ ಜಾಸ್ತಿ ಆಗುತ್ತೆ, ಡಿಜೆಗೆ ಕೊಡೋದಕ್ಕಿಂತ ಕಮ್ಮಿ. ಮುಂದಿನ ಸಭೆಯಲ್ಲಿ ಇದನ್ನ ಚರ್ಚೆಗಿಡ್ತೀವಿ, ಬಂದು ಕೈ ಎತ್ತಿ.